ರಿಪೋರ್ಟ್ ಪಾಸಿಟಿವ್, ಸರಿ. ಆದರೆ ಮಗುವಿನ ಹೊಟ್ಟೆನೋವಿಗೆ ಅದೇ ಕಾರಣವಾ?

ಮಗು ವಾರಗಟ್ಟಲೆಯಿಂದ ಹೊಟ್ಟೆನೋವು ಅನ್ನುತ್ತಿದೆ. ಜಂತುಹುಳದ ಮಾತ್ರೆ ಕೊಟ್ಟಾಯಿತು, ಗ್ಯಾಸಿನ ಸಿರಪ್ ಕುಡಿಸಿಯಾಯಿತು, ಸ್ಕ್ಯಾನಿಂಗೂ ಆಯಿತು. ಎಲ್ಲ ನಾರ್ಮಲ್. ಕೊನೆಗೆ ಯಾರೋ 'ಎಚ್. ಪೈಲೋರಿ ಟೆಸ್ಟ್ ಒಂದು ಮಾಡಿಸಿಬಿಡಿ' ಅನ್ನುತ್ತಾರೆ. ಮಾಡಿಸಿದರೆ ಪಾಸಿಟಿವ್. ಮನೆಯವರಿಗೆ ಗಾಬರಿಯ ಜೊತೆಗೆ ಒಂಥರಾ ನಿರಾಳ. ಅಂತೂ ಕಾರಣ ಸಿಕ್ಕಿತಲ್ಲ!

ಸಿಕ್ಕಿದ್ದು ನೋವಿನ ಕಾರಣವೋ, ಬರೀ ಒಂದು ಬ್ಯಾಕ್ಟೀರಿಯಾವೋ? ಇದನ್ನು ಕೇಳಿಕೊಳ್ಳದೆ ಮುಂದೆ ಹೋಗುವುದರಿಂದಲೇ ಬಹಳಷ್ಟು ತೊಡಕು ಶುರುವಾಗುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಪ್ರಪಂಚದ ಮಕ್ಕಳು ಮತ್ತು ಹದಿಹರೆಯದವರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಹೊಟ್ಟೆಯಲ್ಲಿದೆ ಎಂಬುದು ಈಚಿನ ಅಂದಾಜು. ಅವರಲ್ಲಿ ಬಹುಪಾಲು ಮಕ್ಕಳಿಗೆ ಯಾವ ತೊಂದರೆಯೂ ಇಲ್ಲ. ಇತ್ತ ಮತ್ತೆಮತ್ತೆ ಬರುವ ಹೊಟ್ಟೆನೋವೂ ಮಕ್ಕಳಲ್ಲಿ ತೀರಾ ಮಾಮೂಲು. ಬ್ರಿಟನ್ನಿನ ಮಕ್ಕಳ ವೈದ್ಯ ಜಾನ್ ಆಪ್ಲಿ 1958ರಲ್ಲಿ ತಮ್ಮ ಸಹೋದ್ಯೋಗಿಯ ಜೊತೆ ಸಾವಿರ ಶಾಲಾಮಕ್ಕಳನ್ನು ವಿಚಾರಿಸಿ ಬರೆದಾಗಲೇ ಹತ್ತರಲ್ಲಿ ಒಬ್ಬರಿಗೆ ಇಂಥ ನೋವಿತ್ತು. ಎರಡೂ ಇಷ್ಟು ಸಾಮಾನ್ಯ ಆಗಿರುವಾಗ ಒಂದೇ ಮಗುವಿನಲ್ಲಿ ಎರಡೂ ಸಿಗುವುದರಲ್ಲಿ ಆಶ್ಚರ್ಯ ಇಲ್ಲ. ಕಳ್ಳತನ ಆದ ಬೀದಿಯಲ್ಲಿ ಮನೆ ಇದ್ದ ಮಾತ್ರಕ್ಕೆ ಯಾರೂ ಕಳ್ಳರಾಗುವುದಿಲ್ಲ.

ಹಾಗಂತ ಇದು ಸಾಧು ಬ್ಯಾಕ್ಟೀರಿಯಾ ಅಂತಲೂ ಅಲ್ಲ. ಮಕ್ಕಳಿಗೂ ಅಲ್ಸರ್ ಆಗುತ್ತದೆ. ಹುಣ್ಣಿನಿಂದ ರಕ್ತ ಸೋರಿ ಆಸ್ಪತ್ರೆ ಸೇರುವ ಹದಿಮೂರು ಹದಿನಾಲ್ಕರ ಮಕ್ಕಳಿದ್ದಾರೆ. 'ಅಲ್ಸರ್ ಎಲ್ಲ ದೊಡ್ಡವರ ಕಾಯಿಲೆ, ಪರೀಕ್ಷೆ ಬಂತು ಅಂತ ನಾಟಕ ಮಾಡ್ತಿದ್ದಾನೆ' ಅಂದುಕೊಂಡು ತಡ ಮಾಡುವ ಮನೆಗಳೂ ಇವೆ. ಒಂದು ಕಡೆ ಬೇಡದ ಟೆಸ್ಟು, ಬೇಡದ ಆಂಟಿಬಯಾಟಿಕ್. ಇನ್ನೊಂದು ಕಡೆ ಬೇಕಾದವರಿಗೇ ಸಿಗದ ಚಿಕಿತ್ಸೆ. ಎರಡೂ ಒಟ್ಟೊಟ್ಟಿಗೇ ನಡೆಯುತ್ತಿದೆ.

ಆಸಿಡ್‌ನಲ್ಲಿ ಬದುಕುವ ಜೀವಿ

ಹೊಟ್ಟೆಯೊಳಗಿನ ಆಸಿಡ್ ಎಷ್ಟು ಖಡಕ್ ಎಂದರೆ ಅಲ್ಲಿ ಯಾವ ಬ್ಯಾಕ್ಟೀರಿಯಾವೂ ನೆಲೆಯೂರಲಾರದು ಎಂದೇ ವೈದ್ಯರು ಬಹಳ ಕಾಲ ನಂಬಿದ್ದರು. ಅಲ್ಸರ್ ಬರುವುದು ಟೆನ್ಷನ್‌ನಿಂದ, ಖಾರದಿಂದ, ಆಸಿಡ್ ಜಾಸ್ತಿ ಆಗಿ ಎಂಬುದು ಅಂದಿನ ಪಾಠ. ಆಸ್ಟ್ರೇಲಿಯಾದ ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ 1979ರಿಂದಲೇ ಹೊಟ್ಟೆಯ ಬಯಾಪ್ಸಿಗಳಲ್ಲಿ, ಅಂದರೆ ಪರೀಕ್ಷೆಗೆಂದು ಚಿವುಟಿ ತೆಗೆದ ಚೂರುಗಳಲ್ಲಿ, ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಾಣುತ್ತಿದ್ದರು. ಯುವ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆ ಸೇರಿಕೊಂಡರು. ಲ್ಯಾಬಿನಲ್ಲಿ ಬೆಳೆಸಲು ಹೋದರೆ ಬೆಳೆಯಲೇ ಇಲ್ಲ. ಎರಡು ದಿನ ನೋಡಿ ತಟ್ಟೆಗಳನ್ನು ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಇನ್ನೂ ಕೆಲವು ದಿನ ಹಾಗೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆದು ಕೂತಿತ್ತು. ನಿಧಾನಕ್ಕೆ ಬೆಳೆಯುವ ಜೀವಿ, ಅಷ್ಟೇ.

ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ, ಬಾಯಿ ವಾಸನೆ. ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡಿದರೆ ಹೊಟ್ಟೆಯ ಒಳಪದರ ಊದಿಕೊಂಡಿತ್ತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಈ ಕಥೆ ಹೇಳುವಾಗ ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿ ಇದೆ. ಮಾರ್ಷಲ್‌ಗೆ ಆಗಿದ್ದು ಗ್ಯಾಸ್ಟ್ರೈಟಿಸ್, ಅಂದರೆ ಒಳಪದರದ ಉರಿಯೂತ. ಅಲ್ಸರ್ ಆಗಲಿಲ್ಲ. ಸೋಂಕು ತಗುಲಿದ ಎಲ್ಲರಲ್ಲೂ ಉರಿಯೂತ ಇರುತ್ತದೆ. ಹುಣ್ಣಾಗುವುದು ಕೆಲವರಿಗೆ ಮಾತ್ರ, ಜೀವಮಾನವಿಡೀ ಲೆಕ್ಕ ಹಾಕಿದರೂ ನೂರಕ್ಕೆ ಸುಮಾರು ಹತ್ತು ಮಂದಿಗೆ. ಅದರಲ್ಲೂ ಹೆಚ್ಚಿನ ಪಾಲು ದೊಡ್ಡವರಾದ ಮೇಲೆ.

ಇದು ಬದುಕುವ ಉಪಾಯ ಗೊತ್ತಾದರೆ ಮುಂದೆ ಬರುವ ಟೆಸ್ಟುಗಳೂ ಅರ್ಥವಾಗುತ್ತವೆ. ಎಚ್. ಪೈಲೋರಿ ಯೂರಿಯೇಸ್ ಎಂಬ ಕಿಣ್ವವನ್ನು ರಾಶಿರಾಶಿ ತಯಾರಿಸುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಅಮೋನಿಯಾ ಸುತ್ತಲಿನ ಆಸಿಡ್‌ನ ಬಿಸುಪು ತೆಗೆಯುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ತನ್ನ ಬಾಲಗಳನ್ನು ಬಡಿಯುತ್ತಾ ಲೋಳೆ ಪದರದೊಳಗೆ ತೂರಿಕೊಳ್ಳುತ್ತದೆ. ಅಲ್ಲಿಗೆ ಆಸಿಡ್ ಅಷ್ಟಾಗಿ ತಲುಪುವುದಿಲ್ಲ. ಕೆಲವು ತಳಿಗಳು ಕ್ಯಾಗ್-ಎ ಎಂಬ ಪ್ರೋಟೀನನ್ನು ನಮ್ಮ ಜೀವಕೋಶದ ಒಳಕ್ಕೇ ಚುಚ್ಚುತ್ತವೆ. ಹುಣ್ಣು, ಮುಂದೆ ಕ್ಯಾನ್ಸರ್ ಆಗುವ ಅಪಾಯ ಇಂಥ ತಳಿಗಳಲ್ಲಿ ಜಾಸ್ತಿ.

ಸೋಂಕು ತಗಲುವುದು ಬಹುತೇಕ ಬಾಲ್ಯದಲ್ಲೇ, ಅದೂ ಐದು ವರ್ಷದೊಳಗೆ. ತರುವವರು ಹೊರಗಿನವರಲ್ಲ, ಮನೆಯವರೇ. ಮುಖ್ಯವಾಗಿ ಅಮ್ಮ, ಆಮೇಲೆ ಅಣ್ಣ ಅಕ್ಕಂದಿರು. ಎಂಜಲು, ವಾಂತಿ, ಮಲ, ಈ ಮೂರು ದಾರಿಯಲ್ಲಿ ಬರುತ್ತದೆ. ಇಕ್ಕಟ್ಟಾದ ಮನೆ, ಒಂದೇ ಹಾಸಿಗೆಯಲ್ಲಿ ಮಲಗುವ ಮಕ್ಕಳು, ಶುದ್ಧ ನೀರಿಲ್ಲದ ಜಾಗ, ಇವೆಲ್ಲ ಇದ್ದಲ್ಲಿ ಸೋಂಕೂ ಹೆಚ್ಚು. ಚಿಕಿತ್ಸೆ ಇಲ್ಲದಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಪುಟ್ಟ ಮಕ್ಕಳಲ್ಲಿ ಮಾತ್ರ ಒಮ್ಮೊಮ್ಮೆ ತಾನಾಗಿಯೇ ಹೋಗಿಬಿಡುವುದೂ ಉಂಟು. ಅಮ್ಮಂದಿರು ಇದನ್ನು ಓದಿ 'ನನ್ನಿಂದಲೇ ಬಂತಾ' ಅಂತ ಕೊರಗಬೇಕಿಲ್ಲ. ಅವರಿಗೂ ಅದು ಚಿಕ್ಕಂದಿನಲ್ಲಿ ಹೀಗೇ ಬಂದದ್ದು.

ದೊಡ್ಡವರ ನಿಯಮ ಮಕ್ಕಳಿಗೆ ಹೊಂದುವುದಿಲ್ಲ

ಗೊಂದಲ ಹುಟ್ಟುವುದು ಇಲ್ಲಿ. ಮನೆಯಲ್ಲಿ ಚಿಕ್ಕಪ್ಪನಿಗೋ ಅತ್ತೆಗೋ ಎದೆಯುರಿ ಇತ್ತು, ಟೆಸ್ಟ್ ಮಾಡಿಸಿದರು, ಹದಿನಾಲ್ಕು ದಿನದ ಮಾತ್ರೆ ನುಂಗಿದರು, ಕಡಿಮೆ ಆಯಿತು. ಹಾಗಾದರೆ ಮಗುವಿಗೂ ಅದೇ ಮಾಡಿದರಾಯಿತಲ್ಲ? ದೊಡ್ಡವರಲ್ಲಿ ಇದು ಸರಿಯಾದ ದಾರಿಯೇ. ಸೋಂಕು ಕಂಡರೆ ಕೊಲ್ಲಿ ಅನ್ನುವುದು ಈಗಿನ ತಜ್ಞರ ಒಮ್ಮತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಎಚ್. ಪೈಲೋರಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಅಂಶಗಳ ಮೊದಲ ಗುಂಪಿಗೆ ಸೇರಿಸಿತು. ವಯಸ್ಸಾಗುತ್ತಾ ಹೊಟ್ಟೆಯ ಕ್ಯಾನ್ಸರ್ ಅಪಾಯ ಏರುತ್ತದೆ. ಹಾಗಾಗಿ ದೊಡ್ಡವರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಲಾಭ ಹೆಚ್ಚು.

ಮಕ್ಕಳ ಲೆಕ್ಕ ಬೇರೆ. ಅವರಲ್ಲಿ ಹುಣ್ಣು ಅಪರೂಪ, ಆ ವಯಸ್ಸಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಇಲ್ಲವೆನ್ನುವಷ್ಟು ಕಡಿಮೆ. ಪುಟ್ಟ ಮಕ್ಕಳಿಗೆ ಮನೆಯಿಂದಲೇ ಮತ್ತೆ ಸೋಂಕು ತಗಲಬಹುದು. ಕೊಡಬಹುದಾದ ಔಷಧಿಗಳೂ ಕಡಿಮೆ. ಉದಾಹರಣೆಗೆ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಹಲ್ಲಿಗೆ ಕಲೆ ತರುತ್ತದೆ, ಎಂಟು ವರ್ಷದೊಳಗಿನವರಿಗೆ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಹುಣ್ಣಿಲ್ಲದ ಮಗುವಿನ ಹೊಟ್ಟೆನೋವು ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ.

ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ ಸಂಘಗಳು ಒಟ್ಟಾಗಿ 2017ರಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ತಿರುಳೂ ಇದೇ. ಮಗುವನ್ನು ಪರೀಕ್ಷಿಸುವುದು ನೋವಿನ ಮೂಲ ಹುಡುಕಲು, ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ನೋಡಲು ಅಲ್ಲ. ಉಸಿರಿನದ್ದೋ ಮಲದ್ದೋ ಟೆಸ್ಟ್ ಮಾಡಿ, ಪಾಸಿಟಿವ್ ಬಂದರೆ ಮಾತ್ರೆ ಕೊಟ್ಟು ಕಳಿಸುವ ಪದ್ಧತಿ ಮಕ್ಕಳಲ್ಲಿ ಬೇಡ ಎಂದು ಅದು ನೇರವಾಗಿ ಹೇಳುತ್ತದೆ. ಅಲ್ಸರ್ ಇರಬಹುದೆಂಬ ಗಟ್ಟಿ ಅನುಮಾನ ಇದ್ದರೆ ಎಂಡೋಸ್ಕೋಪಿ ಮಾಡಬೇಕು, ಅಲ್ಲಿಂದಲೇ ಚೂರು ತೆಗೆದು ಪರೀಕ್ಷಿಸಬೇಕು. ಅನುಮಾನ ಇಲ್ಲದಿದ್ದರೆ ಎಚ್. ಪೈಲೋರಿಯನ್ನು ಹುಡುಕಿಕೊಂಡು ಹೋಗುವುದೇ ಬೇಡ. ಕೇಳುವುದಕ್ಕೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಸುಲಭದ ಟೆಸ್ಟ್ ಬೇಡ, ಕಷ್ಟದ್ದು ಮಾಡಿ ಅಂದ ಹಾಗೆ. ಆದರೆ ಸುಲಭದ ಟೆಸ್ಟ್ ಉತ್ತರ ಕೊಡುವುದು ನಾವು ಕೇಳದ ಪ್ರಶ್ನೆಗೆ. ಅದು 'ಬ್ಯಾಕ್ಟೀರಿಯಾ ಇದೆ' ಅನ್ನುತ್ತದೆ. 'ಹುಣ್ಣಿದೆ' ಅನ್ನುವುದಿಲ್ಲ.

ಇದಕ್ಕೆ ಎದುರು ದಿಕ್ಕಿನ ಪ್ರಯೋಗವೂ ನಡೆಯುತ್ತಿದೆ. ಹೊಟ್ಟೆಯ ಕ್ಯಾನ್ಸರ್ ಜಾಸ್ತಿ ಇರುವ ಜಪಾನಿನಲ್ಲಿ, ಸಾಗಾ ಪ್ರಾಂತ್ಯ 2016ರಿಂದ ಮಿಡ್ಲ್ ಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೆ ತಪಾಸಣೆ ನಡೆಸುತ್ತಿದೆ. ಮೊದಲು ಮೂತ್ರ ಪರೀಕ್ಷೆ, ಅದು ಪಾಸಿಟಿವ್ ಬಂದರೆ ಮಲ ಪರೀಕ್ಷೆ, ಅದೂ ಪಾಸಿಟಿವ್ ಆದರೆ ಚಿಕಿತ್ಸೆ. ಹದಿನೈದರ ಹೊತ್ತಿಗೆ ಮತ್ತೆ ಸೋಂಕು ತಗಲುವ ಸಾಧ್ಯತೆ ಕಡಿಮೆ, ಔಷಧಿಯೂ ಹೆಚ್ಚುಕಮ್ಮಿ ದೊಡ್ಡವರದ್ದೇ ನಡೆಯುತ್ತದೆ, ಹೊಟ್ಟೆಯ ಪದರ ಹಾಳಾಗುವ ಮುಂಚೆಯೇ ತಡೆಯಬಹುದು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಜಪಾನಿನ ಮಕ್ಕಳ ತಜ್ಞರ ಸಂಘದ ಮಾರ್ಗಸೂಚಿಯೇ ಲಕ್ಷಣ ಇಲ್ಲದ ಮಕ್ಕಳಲ್ಲಿ ಹೀಗೆ ಹುಡುಕಿ ಮಾತ್ರೆ ಕೊಡುವುದು ಬೇಡ ಎಂದಿದೆ. ಗಮನಿಸಬೇಕಾದ್ದು ಇಷ್ಟೇ: ಸಾಗಾದವರು ಮಾಡುತ್ತಿರುವುದು ಮುಂದಿನ ಕ್ಯಾನ್ಸರ್ ತಡೆಯುವ ಕೆಲಸ, ಹೊಟ್ಟೆನೋವಿನ ಚಿಕಿತ್ಸೆ ಅಲ್ಲ. ಎರಡನ್ನೂ ಕಲಸಿಕೊಂಡರೆ ಎಂಟು ವರ್ಷದ ಮಗುವಿನ ನೋವಿಗೆ ಐವತ್ತರ ಮನುಷ್ಯನ ಕ್ಯಾನ್ಸರ್ ಭಯ ಜೋಡಿಸಿದಂತಾಗುತ್ತದೆ.

ಯಾವ ನೋವಿಗೆ ಹೆದರಬೇಕು

ಆಪ್ಲಿ ಹೇಳಿದ ಇನ್ನೊಂದು ಮಾತು ಇಂದಿಗೂ ವೈದ್ಯರ ಬಾಯಲ್ಲಿದೆ. ನೋವು ಹೊಕ್ಕುಳಿನಿಂದ ದೂರ ಹೋದಷ್ಟೂ ಒಳಗೆ ನಿಜವಾಗಿ ಏನೋ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಎಲ್ಲಿ ನೋವು ಅಂತ ಕೇಳಿದರೆ ಬಹಳಷ್ಟು ಮಕ್ಕಳು ಅಂಗೈ ಹರಡಿ ಹೊಕ್ಕುಳಿನ ಸುತ್ತ ಸವರುತ್ತಾರೆ. ಅಲ್ಸರ್ ನೋವು ಸಾಮಾನ್ಯವಾಗಿ ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗದ ನಡುವೆ. ಆದರೆ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಚಿಕ್ಕ ಮಕ್ಕಳು ಎಲ್ಲಿ ನೋವಾದರೂ ಹೊಕ್ಕುಳನ್ನೇ ತೋರಿಸುತ್ತಾರೆ.

ಹೆಚ್ಚು ನಂಬಬಹುದಾದ ಸುಳಿವು ರಾತ್ರಿಯದು. ನಿದ್ದೆಯಲ್ಲಿದ್ದ ಮಗು ನೋವಿಗೆ ಎದ್ದು ಕೂರುತ್ತದೆ ಎಂದರೆ ಅದನ್ನು ಹಗುರವಾಗಿ ತಗೊಳ್ಳಬಾರದು. ಮತ್ತೆಮತ್ತೆ ವಾಂತಿ, ತೂಕ ಇಳಿಯುವುದು, ಬೆಳವಣಿಗೆ ನಿಲ್ಲುವುದು, ನುಂಗಲು ಕಷ್ಟ, ಕಾರಣ ಗೊತ್ತಾಗದ ರಕ್ತಹೀನತೆ, ಅಪ್ಪ ಅಮ್ಮಂದಿರಲ್ಲಿ ಯಾರಿಗಾದರೂ ಅಲ್ಸರ್ ಅಥವಾ ಹೊಟ್ಟೆಯ ಕ್ಯಾನ್ಸರ್ ಆಗಿರುವುದು, ಇವು ಇದ್ದರೆ ಮಕ್ಕಳ ಹೊಟ್ಟೆ-ಕರುಳಿನ ತಜ್ಞರ ಬಳಿ ಹೋಗುವುದೇ ಸರಿ.

ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ. ವಾಂತಿಯಲ್ಲಿ ಕೆಂಪು ರಕ್ತ, ಅಥವಾ ಕಾಫಿ ಪುಡಿ ಕಲಸಿದಂಥ ಕಂದು ಚೂರು. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ. ಮಗು ಬಿಳಿಚಿಕೊಂಡು ಎದ್ದು ನಿಂತರೆ ತಲೆಸುತ್ತುವುದು. ಇದ್ದಕ್ಕಿದ್ದಂತೆ ಕೊಯ್ದ ಹಾಗೆ ನೋವು ಬಂದು ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು, ಇದು ಹುಣ್ಣು ತೂತಾಗಿರುವ ಲಕ್ಷಣ ಇರಬಹುದು. ಇಂಥದ್ದು ಕಂಡರೆ ಸೀದಾ ಎಮರ್ಜೆನ್ಸಿಗೆ. ಅಂದಹಾಗೆ, ಕಬ್ಬಿಣದ ಟಾನಿಕ್ ಕುಡಿಯುವ ಮಕ್ಕಳ ಮಲವೂ ಕಪ್ಪಾಗುತ್ತದೆ, ಹೊಟ್ಟೆಹುಣ್ಣಿಗೆ ಕೊಡುವ ಬಿಸ್ಮತ್ ಮಾತ್ರೆಯಿಂದಲೂ ಆಗುತ್ತದೆ. ಯಾವ ಔಷಧಿ ನಡೆಯುತ್ತಿದೆ ಅಂತ ವೈದ್ಯರಿಗೆ ಮೊದಲೇ ಹೇಳಿಬಿಡಿ.

ಎಲ್ಲ ಹುಣ್ಣಿಗೂ ಬ್ಯಾಕ್ಟೀರಿಯಾವೇ ಹೊಣೆ ಅಲ್ಲ. ಪುಟ್ಟ ಮಕ್ಕಳಲ್ಲಿ ಹುಣ್ಣು ಕಂಡರೆ ಸಾಮಾನ್ಯವಾಗಿ ಹಿಂದೆ ಬೇರೇನೋ ದೊಡ್ಡ ತೊಂದರೆ ಇರುತ್ತದೆ: ದೊಡ್ಡ ಸುಟ್ಟಗಾಯ, ತಲೆಗೆ ಪೆಟ್ಟು, ಐಸಿಯು ಸೇರುವಷ್ಟು ಗಂಭೀರ ಕಾಯಿಲೆ. ಪರೀಕ್ಷೆಯ ಟೆನ್ಷನ್‌ನಿಂದ ಹುಣ್ಣಾಗುವುದಿಲ್ಲ. ದೇಹಕ್ಕೆ ಬಿದ್ದ ಇಂಥ ಭಾರೀ ಹೊಡೆತದಿಂದ ಆಗುತ್ತದೆ. ಖಾರಕ್ಕೂ ಹುಣ್ಣಿಗೂ ನಂಟಿಲ್ಲ. ಇರುವ ಹುಣ್ಣಿಗೆ ಖಾರ ಉರಿ ಕೊಡಬಹುದು, ಅಷ್ಟೇ.

ಹದಿಹರೆಯದಲ್ಲಿ ಯಾರೂ ಕೇಳದ, ಮಕ್ಕಳೂ ತಾವಾಗಿ ಹೇಳದ ಕಾರಣ ಒಂದಿದೆ. ನೋವಿನ ಮಾತ್ರೆ. ಮುಟ್ಟಿನ ನೋವಿಗೆ ತಿಂಗಳು ತಿಂಗಳೂ ಮೆಫೆನಾಮಿಕ್ ಆಸಿಡ್, ಆಟದಲ್ಲಿ ಕಾಲು ಉಳುಕಿದ್ದಕ್ಕೆ ವಾರಗಟ್ಟಲೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್. ಈ ಮಾತ್ರೆಗಳು ನೋವು ತರುವ ರಾಸಾಯನಿಕಗಳನ್ನು ತಡೆಯುವಾಗ, ಹೊಟ್ಟೆಯ ಲೋಳೆಯನ್ನು ಕಾಯುವ ರಾಸಾಯನಿಕಗಳನ್ನೂ ತಡೆದುಬಿಡುತ್ತವೆ. ಊಟ ಮಾಡಿ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ ಆಗಬಹುದು, ಆದರೆ ಹುಣ್ಣಿನ ಅಪಾಯ ಪೂರ್ತಿ ಹೋಗುವುದಿಲ್ಲ. ಆ ಮಾತ್ರೆ ರಕ್ತದ ಮೂಲಕವೂ ಕೆಲಸ ಮಾಡುತ್ತದೆ. ಎಚ್. ಪೈಲೋರಿ ಮತ್ತು ಇಂಥ ಮಾತ್ರೆ ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿದರೆ ಅದು ಅನ್ನನಾಳದಲ್ಲೇ ಸಿಕ್ಕಿಕೊಂಡು ಅಲ್ಲಿ ಹುಣ್ಣು ಮಾಡುತ್ತದೆ. ಎದೆ ನಡುವೆ ಚುಚ್ಚಿದಂತಾಗುತ್ತದೆ, ಎಂಜಲು ನುಂಗಲೂ ಆಗುವುದಿಲ್ಲ. ತುಂಬಾ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರುವುದು, ಇಷ್ಟು ಮಾಡಿದರೆ ತಪ್ಪುತ್ತದೆ. ಸಿಗರೇಟ್ ಹುಣ್ಣು ಮಾಯುವುದನ್ನು ತಡ ಮಾಡುತ್ತದೆ. ಹಾಗಾಗಿ ಹದಿನೈದರ ಹುಡುಗನನ್ನೋ ಹುಡುಗಿಯನ್ನೋ ಅಪ್ಪ ಅಮ್ಮ ಹೊರಗಿರುವಾಗ ವೈದ್ಯರು ಒಂದೈದು ನಿಮಿಷ ಒಬ್ಬರನ್ನೇ ಮಾತಾಡಿಸುವುದು ಒಳ್ಳೆಯದು. ಆಗ ಸಿಗುವ ಉತ್ತರ ಬೇರೆಯೇ ಇರುತ್ತದೆ.

ಈ ಯಾವ ಸೂಚನೆಯೂ ಇಲ್ಲದೆ ತಿಂಗಳುಗಟ್ಟಲೆ ಬಂದು ಹೋಗುವ ನೋವಿಗೆ ಮಲಬದ್ಧತೆ ಒಂದು ಸಾಮಾನ್ಯ ಕಾರಣ. ದಿನಾ ಹೋಗುತ್ತಾನೆ ಅಂತ ಮನೆಯವರು ಅಂದುಕೊಂಡಿರುತ್ತಾರೆ, ಆದರೆ ಪೂರ್ತಿ ಖಾಲಿ ಆಗಿರುವುದಿಲ್ಲ. ಹಾಲಿನ ಸಕ್ಕರೆ ಅರಗದಿರುವುದು, ಗೋಧಿಯ ಗ್ಲುಟೆನ್ ಹೊಂದದ ಸೀಲಿಯಾಕ್ ಕಾಯಿಲೆ, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಯ ಸೋಂಕು, ಇವನ್ನೂ ನೋಡಬೇಕಾಗುತ್ತದೆ. ಏನೂ ಸಿಗದಿದ್ದರೆ ಅದನ್ನು ಫಂಕ್ಷನಲ್ ನೋವು ಅನ್ನುತ್ತಾರೆ. ಕರುಳು ಮತ್ತು ಮಿದುಳಿನ ನಡುವಿನ ನರಗಳು ಸಣ್ಣ ಸಂಗತಿಗೂ ಜೋರಾಗಿ ಸ್ಪಂದಿಸುವುದರಿಂದ ಬರುವ ನೋವು ಇದು. ನೋವು ನಿಜ. ಸುಮ್ನೆ ಹೇಳುತ್ತಿಲ್ಲ. ಮಗುವಿನ ಮುಂದೆಯೇ 'ಏನೂ ಇಲ್ಲವಂತೆ' ಅನ್ನುವ ಬದಲು, ಹುಣ್ಣಿಲ್ಲ, ಆದರೆ ನರ ಚುರುಕಾಗಿರುವುದರಿಂದ ನೋವಾಗುತ್ತಿದೆ ಎಂದು ಹೇಳಿದರೆ ಅದಕ್ಕೂ ಧೈರ್ಯ ಬರುತ್ತದೆ. ಇಂಥ ಮಗುವಿಗೆ ಎಚ್. ಪೈಲೋರಿ ಟೆಸ್ಟ್ ಮಾಡಿ ಪಾಸಿಟಿವ್ ಬಂದರೆ ಎರಡು ವಾರ ಆಂಟಿಬಯಾಟಿಕ್, ಅದರಿಂದ ಭೇದಿ, ನೋವು ಹಾಗೇ. ಆಮೇಲೆ ಎರಡನೇ ಕೋರ್ಸ್. ನಿಜವಾದ ಕಾರಣದ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ಟೆಸ್ಟುಗಳ ಒಳಗೆ

ಎಂಡೋಸ್ಕೋಪಿ ಅಂದರೆ ಹೆತ್ತವರಿಗೆ ಎದೆ ಧಸಕ್ಕೆನ್ನುತ್ತದೆ. ಮಕ್ಕಳಿಗೆ ಅರಿವಳಿಕೆ ಕೊಟ್ಟು ಮಲಗಿಸಿಯೇ ಮಾಡುತ್ತಾರೆ. ನೋಡುವ ಕೆಲಸ ಕೆಲವೇ ನಿಮಿಷಗಳದ್ದು. ಸೋಂಕಿರುವ ಮಕ್ಕಳ ಹೊಟ್ಟೆಯ ಕೆಳಭಾಗದಲ್ಲಿ ಒಳಪದರ ನುಣುಪಾಗಿರದೆ ಸಣ್ಣ ಸಣ್ಣ ಗುಳ್ಳೆ ಎದ್ದಂತೆ ಕಾಣುತ್ತದೆ. ದೊಡ್ಡವರಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಬ್ಯಾಕ್ಟೀರಿಯಾದಿಂದ ಆದ ಹುಣ್ಣು ಮಕ್ಕಳಲ್ಲಿ ಹೆಚ್ಚಾಗಿ ಹೊಟ್ಟೆಯಲ್ಲಲ್ಲ, ಅದನ್ನು ದಾಟಿದ ತಕ್ಷಣ ಸಿಗುವ ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಡ್ಯುವೋಡಿನಮ್‌ನಲ್ಲಿ ಇರುತ್ತದೆ. ಬ್ಯಾಕ್ಟೀರಿಯಾ ಹುಡುಕಲು ಹೊಟ್ಟೆಯ ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ಚಿವುಟಿ ತೆಗೆಯುತ್ತಾರೆ. ಒಂದು ಚೂರನ್ನು ಯೂರಿಯಾ ಇರುವ ಹಳದಿ ಜೆಲ್‌ಗೆ ಹಾಕಿದರೆ, ಬ್ಯಾಕ್ಟೀರಿಯಾ ಇದ್ದಲ್ಲಿ ಯೂರಿಯೇಸ್ ಅದನ್ನು ಒಡೆದು ಅಮೋನಿಯಾ ಮಾಡಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಉಳಿದವು ಮೈಕ್ರೋಸ್ಕೋಪಿಗೆ, ಸಾಧ್ಯವಿದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ. ಒಂದೇ ಪರೀಕ್ಷೆಯನ್ನು ನಂಬದೆ ಎರಡು ತಾಳೆಯಾದರೆ ಸೋಂಕು ಖಚಿತ ಅನ್ನುತ್ತಾರೆ.

ಉಸಿರಿನ ಟೆಸ್ಟೂ ಅದೇ ಯೂರಿಯೇಸ್ ಆಟ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದ ಮಗು ಒಂದು ಚೀಲಕ್ಕೆ ಊದುತ್ತದೆ. ಆಮೇಲೆ ಕಾರ್ಬನ್-13 ಗುರುತಿರುವ ಯೂರಿಯಾ ಬೆರೆಸಿದ ಹುಳಿ ಪಾನಕ ಕುಡಿಸುತ್ತಾರೆ. ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಎರಡನೇ ಚೀಲದಲ್ಲಿ ಆ ಗುರುತಿನ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬಂದಿದ್ದರೆ ಒಳಗೆ ಯಾರೋ ಯೂರಿಯಾ ಒಡೆಯುತ್ತಿದ್ದಾರೆ ಎಂದರ್ಥ. ಕಾರ್ಬನ್-13ರಲ್ಲಿ ವಿಕಿರಣ ಇಲ್ಲ. ಆರು ವರ್ಷದೊಳಗಿನವರಿಗೆ ಸರಿಯಾಗಿ ಕುಡಿದು ಊದಲು ಬರದು, ಫಲಿತಾಂಶವೂ ಎಡವಟ್ಟಾಗಬಹುದು. ಅವರಿಗೆ ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವ ಆಂಟಿಜನ್ ಪರೀಕ್ಷೆ ವಾಸಿ. ಈ ಎರಡೂ ನಿಜವಾಗಿ ಉಪಯೋಗಕ್ಕೆ ಬರುವುದು ಚಿಕಿತ್ಸೆ ಮುಗಿದ ಮೇಲೆ, ಬ್ಯಾಕ್ಟೀರಿಯಾ ಹೋಯಿತಾ ಅಂತ ನೋಡಲು.

ಸೋಂಕಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವ ರಕ್ತದ ಆಂಟಿಬಾಡಿ ಟೆಸ್ಟ್ ಮಾತ್ರ ಮಕ್ಕಳಲ್ಲಿ ಮಾಡಲೇಬಾರದು. ಹಿಂದೆಂದೋ ಬಂದು ಹೋದ ಸೋಂಕನ್ನೂ ಅದು ಪಾಸಿಟಿವ್ ಅನ್ನುತ್ತದೆ, ಪುಟ್ಟ ಮಕ್ಕಳಲ್ಲಿ ಈಗಿರುವ ಸೋಂಕನ್ನೂ ಹಿಡಿಯದೆ ಬಿಟ್ಟುಬಿಡುತ್ತದೆ. ಆದರೂ ಹೆಲ್ತ್ ಪ್ಯಾಕೇಜುಗಳಲ್ಲಿ ಅದು ಸಲೀಸಾಗಿ ನುಸುಳಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ಉಳಿದ ಯಾವ ಟೆಸ್ಟ್‌ಗಾದರೂ ಒಮೆಪ್ರಜೋಲ್ ಜಾತಿಯ ಆಸಿಡ್ ಮಾತ್ರೆಯನ್ನು ಎರಡು ವಾರ ಮುಂಚೆ, ಆಂಟಿಬಯಾಟಿಕ್ಕನ್ನು ನಾಲ್ಕು ವಾರ ಮುಂಚೆ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ನೆಗೆಟಿವ್ ಬರಬಹುದು. ನಿಲ್ಲಿಸುವ ಮುಂಚೆ ವೈದ್ಯರನ್ನು ಕೇಳಿ. ರಕ್ತ ಸೋರುತ್ತಿರುವ ಮಗುವಿಗೆ ಈ ಮಾತ್ರೆ ನಿಲ್ಲಿಸುವ ಹಾಗಿಲ್ಲ.

ಹದಿನಾಲ್ಕು ದಿನದ ಲೆಕ್ಕ

ಹುಣ್ಣು ಕಂಡು ಬ್ಯಾಕ್ಟೀರಿಯಾವೂ ಖಚಿತವಾದರೆ ಹಿಂದೆಮುಂದೆ ನೋಡುವುದೇ ಬೇಡ. ಚಿಕಿತ್ಸೆ ಬೇಕೇ ಬೇಕು. ಆಸಿಡ್ ತಗ್ಗಿಸುವ ಮಾತ್ರೆ ಒಂದು, ಆಂಟಿಬಯಾಟಿಕ್ ಎರಡು, ಒಟ್ಟು ಹದಿನಾಲ್ಕು ದಿನ. ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ಇರುತ್ತದೆ. ಅದರ ಜೊತೆ ಕ್ಲಾರಿಥ್ರೊಮೈಸಿನ್ ಕೊಡಬೇಕಾ, ಮೆಟ್ರೊನಿಡಜೋಲ್ ಕೊಡಬೇಕಾ ಅನ್ನುವಲ್ಲೇ ಇಂದಿನ ತಲೆನೋವು. ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ಎಚ್. ಪೈಲೋರಿ ಎಷ್ಟು ಹೆಚ್ಚಿತೆಂದರೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಆಂಟಿಬಯಾಟಿಕ್ ತುರ್ತಾಗಿ ಬೇಕಿರುವ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಇದಕ್ಕೆ ಬೀಜ ಬಿದ್ದಿರುವುದು ಹೊಟ್ಟೆಯ ಚಿಕಿತ್ಸೆಯಲ್ಲಿ ಮಾತ್ರ ಅಲ್ಲ. ನೆಗಡಿ ಕೆಮ್ಮಿಗೆಲ್ಲ ಕೊಡುವ ಅಜಿಥ್ರೊಮೈಸಿನ್ ಕೂಡ ಅದೇ ಕುಟುಂಬದ್ದು. ಗಂಟಲಿಗೆ ಅಂತ ಕೊಟ್ಟ ಪ್ರತಿ ಕೋರ್ಸ್‌ನಲ್ಲೂ ಹೊಟ್ಟೆಯಲ್ಲಿ ಸದ್ದಿಲ್ಲದೆ ಕೂತ ಬ್ಯಾಕ್ಟೀರಿಯಾಕ್ಕೆ ಆ ಔಷಧಿ ಎದುರಿಸುವ ತರಬೇತಿ ಆಗುತ್ತಿರುತ್ತದೆ. ಮಗುವಿಗೆ ಹಿಂದೆ ಯಾವ ಯಾವ ಆಂಟಿಬಯಾಟಿಕ್ ಕೊಟ್ಟಿದ್ದೀರಿ ಎಂದು ವೈದ್ಯರು ಕೇಳುವುದು ಇದಕ್ಕೇ. ಬಯಾಪ್ಸಿ ಚೂರಿನಲ್ಲಿ ಯಾವ ಔಷಧಿ ನಾಟುತ್ತದೆ ಎಂದು ಮೊದಲೇ ಪರೀಕ್ಷಿಸಿ ಕೊಟ್ಟರೆ ಉತ್ತಮ. ಅದು ಆಗದಿದ್ದಲ್ಲಿ ಕ್ಲಾರಿಥ್ರೊಮೈಸಿನ್ ಬಿಟ್ಟು ಅಮಾಕ್ಸಿಸಿಲಿನ್ ಹೆಚ್ಚಿನ ಡೋಸಿನಲ್ಲಿ, ಮೆಟ್ರೊನಿಡಜೋಲ್ ಜೊತೆ ಕೊಡುವುದು, ಅಥವಾ ಬಿಸ್ಮತ್ ಸೇರಿಸುವುದು ರೂಢಿ. ಮಕ್ಕಳ ದೇಹ ಆಸಿಡ್ ಮಾತ್ರೆಯನ್ನು ಬೇಗ ಕರಗಿಸಿಬಿಡುತ್ತದೆ, ಹಾಗಾಗಿ ತೂಕಕ್ಕೆ ಹೋಲಿಸಿದರೆ ಅವರಿಗೆ ದೊಡ್ಡವರಿಗಿಂತ ಹೆಚ್ಚು ಡೋಸ್ ಬೇಕಾಗುತ್ತದೆ. ಚೀಟಿ ನೋಡಿ 'ಇಷ್ಟು ಪುಟ್ಟ ಮಗುವಿಗೆ ಇಷ್ಟೊಂದಾ' ಅಂತ ಮನೆಯಲ್ಲೇ ಅರ್ಧ ಮಾಡಬೇಡಿ.

ಮೊದಲ ಕೋರ್ಸೇ ಗೆಲ್ಲಬೇಕು. ಸೋತರೆ ಉಳಿದ ಬ್ಯಾಕ್ಟೀರಿಯಾ ಇನ್ನಷ್ಟು ಗಟ್ಟಿಯಾಗಿರುತ್ತದೆ, ಎರಡನೇ ಸಲಕ್ಕೆ ಔಷಧಿಯ ಆಯ್ಕೆಯೂ ಕಡಿಮೆ. ಮಾತ್ರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೊಟ್ಟೆ ಸೇರಿರಬೇಕು ಅನ್ನುತ್ತಾರೆ. ದಿನಕ್ಕೆ ಎರಡು ಹೊತ್ತು, ಹದಿನಾಲ್ಕು ದಿನ, ಒಟ್ಟು 28 ಹೊತ್ತು. ಮೂರು ಹೊತ್ತು ತಪ್ಪಿದರೆ 25, ಅಲ್ಲಿಗೆ ತೊಂಬತ್ತರ ಗೆರೆ ಕೆಳಗೆ ಬಂತು. ಒಂದು ಭಾನುವಾರದ ಮದುವೆ, ಒಂದು ಬೆಳಗಿನ ಹಟ, ಇಷ್ಟರಲ್ಲೇ ಮೂರು ಹೊತ್ತು ಹೋಗಿಬಿಡುತ್ತದೆ. ಬಾಯಲ್ಲಿ ಲೋಹದ ರುಚಿ, ಸಡಿಲ ಭೇದಿ, ವಾಕರಿಕೆ ಬರುತ್ತದೆ ಎಂದು ಮಗುವಿಗೆ ಮೊದಲೇ ಹೇಳಿಟ್ಟರೆ ಅದು ಐದನೇ ದಿನ ಕೈಚೆಲ್ಲುವುದು ಕಡಿಮೆ. ಆಸಿಡ್ ಮಾತ್ರೆ ಊಟಕ್ಕೆ ಮುಂಚೆ. ಗೋಡೆಗೆ ಒಂದು ಹಾಳೆ ಅಂಟಿಸಿ ಮಗುವಿನ ಕೈಯಲ್ಲೇ ಗೀಟು ಹಾಕಿಸಿದರೆ ಇನ್ನೂ ಒಳ್ಳೆಯದು. ಮೈಮೇಲೆ ಗಂಧೆ ಎದ್ದರೆ ಅಥವಾ ಉಸಿರಾಟ ಕಷ್ಟವಾದರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಓಡಬೇಕು.

ಕೋರ್ಸ್ ಮುಗಿದ ವಾರಕ್ಕೆ ನೋವು ಹೋಯಿತು ಅಂತ ಕಥೆ ಮುಗಿಯುವುದಿಲ್ಲ. ಕನಿಷ್ಠ ನಾಲ್ಕು ವಾರ ಕಳೆದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ ಬ್ಯಾಕ್ಟೀರಿಯಾ ಹೋಗಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಆಸಿಡ್ ಮಾತ್ರೆಯೇ ನೋವು ತಗ್ಗಿಸಿರಬಹುದು, ಬ್ಯಾಕ್ಟೀರಿಯಾ ಹಾಗೇ ಇರಬಹುದು. ನನ್ನ ಪ್ರಕಾರ ಹೆಚ್ಚು ಜನ ಕೈಬಿಡುವುದು ಇದನ್ನೇ. ಬೇಡದ ಮೊದಲ ಟೆಸ್ಟ್‌ಗೆ ದುಡ್ಡು ಕೊಟ್ಟವರು ಬೇಕಾದ ಈ ಕೊನೆಯ ಟೆಸ್ಟ್ ಬಿಟ್ಟುಬಿಡುತ್ತಾರೆ.

ಹುಣ್ಣಿಲ್ಲದೆಯೂ ಎಚ್. ಪೈಲೋರಿ ಹುಡುಕುವ ಒಂದೆರಡು ಸಂದರ್ಭಗಳಿವೆ. ಕಬ್ಬಿಣದ ಔಷಧಿ ಸರಿಯಾಗಿ ಕೊಟ್ಟರೂ ಏರದ ರಕ್ತಹೀನತೆ, ಬೇರೆ ಕಾರಣ ಎಲ್ಲ ತಳ್ಳಿಹಾಕಿದ ಮೇಲೆ. ಹದಿಹರೆಯದ ಹುಡುಗಿಯರಲ್ಲಿ ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯಾ ಅಂತ ಮೊದಲು ನೋಡಬೇಕು. ಪ್ಲೇಟ್ಲೆಟ್ ಬಹುಕಾಲ ಕಡಿಮೆಯೇ ಇರುವ ಐಟಿಪಿ ಕಾಯಿಲೆ ಇನ್ನೊಂದು. ಎತ್ತರ ಕಡಿಮೆ ಇದೆ ಅಂತ ಟೆಸ್ಟ್ ಮಾಡಿಸುವುದಕ್ಕೆ ಅರ್ಥವಿಲ್ಲ. ಬೇರೆ ಕಾರಣಕ್ಕೆ ಎಂಡೋಸ್ಕೋಪಿ ಮಾಡಿದಾಗ ಆಕಸ್ಮಿಕವಾಗಿ ಬ್ಯಾಕ್ಟೀರಿಯಾ ಸಿಕ್ಕರೆ, ಈಗಲೇ ಚಿಕಿತ್ಸೆ ಬೇಕಾ ಬೇಡವಾ ಎಂಬುದನ್ನು ವೈದ್ಯರು ಮನೆಯವರ ಜೊತೆ ಕೂತು ಮಾತಾಡಿ ತೀರ್ಮಾನಿಸುತ್ತಾರೆ.

ಸೋಂಕು ತಗಲದಂತೆಯೇ ತಡೆಯುವ ಲಸಿಕೆ ಬಂದರೆ ಈ ಜಂಜಾಟ ಬಹುಪಾಲು ತಪ್ಪುತ್ತದೆ. ಚೀನಾದಲ್ಲಿ ಸೋಂಕಿಲ್ಲದ 6ರಿಂದ 15 ವರ್ಷದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಬಾಯಿಯ ಮೂಲಕ ಕೊಡುವ ಲಸಿಕೆಯೊಂದನ್ನು ಪ್ರಯೋಗಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ವರ್ಷ 71.8 ಶೇಕಡಾ ರಕ್ಷಣೆ ಸಿಕ್ಕಿತು, ಆಮೇಲೆ ಇಳಿಯಿತು. ಅಲ್ಲಿಂದ ಮುಂದೆ ಅದು ಎಲ್ಲೆಡೆ ಬಳಕೆಗೆ ಬಂದಿಲ್ಲ. ಅಲ್ಲದೆ ಸೋಂಕು ಹೆಚ್ಚಾಗಿ ತಗಲುವುದು ಐದು ವರ್ಷದೊಳಗೆ. ಆರು ತುಂಬಿದವರಿಗೆ ಕೊಡುವ ಲಸಿಕೆ ಸಿಗುವ ಹೊತ್ತಿಗೆ ಅನೇಕ ಮಕ್ಕಳಲ್ಲಿ ಬ್ಯಾಕ್ಟೀರಿಯಾ ಆಗಲೇ ಒಳಗೆ ಸೇರಿರುತ್ತದೆ. ಲಸಿಕೆ ಕೆಲಸಕ್ಕೆ ಬರಬೇಕಾದರೆ ಅದನ್ನು ಎಳೆಗೂಸಿಗೇ ಕೊಡುವಂತಿರಬೇಕು, ರಕ್ಷಣೆ ಕನಿಷ್ಠ ಶಾಲೆಗೆ ಸೇರುವ ವಯಸ್ಸಿನ ತನಕ ಉಳಿಯಬೇಕು. ಅಂಥದ್ದು ಇನ್ನೂ ಕೈಗೆ ಬಂದಿಲ್ಲ.